ಐದೂವರೆಯ ಸಿಟ್ಟು

ಪುತ್ತೂರು ಕಡೆಯ ನಮ್ಮ ಅಡಿಕೆ ತೋಟದಲ್ಲಿ ಕೊಕ್ಕೊ ಉಪಬೆಳೆ. ಊರಲ್ಲಿ 1986ರಿಂದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಇದೆ. ಹಸಿ ಬೀಜ ಮಾರಿ ದುಡ್ಡು ಎಣಿಸಿದ್ದು ಬಿಟ್ಟರೆ, ಹೊಟ್ಟೆಗೆ ಹೋದ ಚಾಕೊಲೇಟ್ ಏನು ಮಾಡುತ್ತದೆಂದು ನಾನು ಯೋಚಿಸಿರಲಿಲ್ಲ.

ನಿದ್ದೆ ಬರುವುದಿಲ್ಲವೆಂದು ಸಂಜೆಯ ಕಾಫಿ ಬಿಟ್ಟೆ. ಆ ಜಾಗಕ್ಕೆ ನಾಲ್ಕು ಗಂಟೆಗೆ ನಲವತ್ತು ಗ್ರಾಂನ ಹಾಲು ಚಾಕೊಲೇಟ್ ಬಂತು. ಒಂದು ತಿಂಗಳಾದ ಮೇಲೆ ಹೆಂಡತಿ, "ನಿಮ್ಮ ಸಿಟ್ಟಿಗೆ ಗಡಿಯಾರ ಉಂಟು, ಸರಿಯಾಗಿ ಐದೂವರೆಗೆ ಬರ್ತದೆ" ಎಂದಳು. ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಲು ಶುರು ಮಾಡಿದೆ: ಎಷ್ಟು ಗಂಟೆಗೆ, ಎಷ್ಟು ತಿಂದೆ, ಆಮೇಲೆ ಹೇಗಿದ್ದೆ.

ಅವಳು ಹೇಳಿದ್ದು ಹೆಚ್ಚುಕಡಿಮೆ ಸರಿಯೇ. ಬಾಯಲ್ಲಿಟ್ಟ ಕೂಡಲೇ ಖುಷಿ, ಒಂದೂವರೆ ಗಂಟೆಯಲ್ಲಿ ತೂಕಡಿಕೆ, ಕಿರಿಕಿರಿ. ಆ ಚಾಕೊಲೇಟಿನಲ್ಲಿ ಅರ್ಧಕ್ಕರ್ಧ ಸಕ್ಕರೆಯೇ. ಆದರೆ ಮಧ್ಯಾಹ್ನ ಬರೀ ಗಂಜಿ ಕುಡಿದ ದಿನ ಕಾಟ ಜಾಸ್ತಿ, ಪಲ್ಯ ಸಾರು ಸೇರಿಸಿ ಚೆನ್ನಾಗಿ ಉಂಡ ದಿನ ಏನೂ ಇಲ್ಲ. ತಪ್ಪು ಪೂರಾ ಚಾಕೊಲೇಟಿನದ್ದಲ್ಲ.

ಆಮೇಲೆ ಶೇ. 70 ಕೊಕ್ಕೊ ಇರುವ ಕಪ್ಪು ಚಾಕೊಲೇಟ್, ದಿನಕ್ಕೆ 20 ಗ್ರಾಂ. ಮೊದಲೆರಡು ದಿನ ಕಹಿಗೆ ಮುಖ ಕಿವುಚಿದೆ. ಕಾಫಿಯ ಹಾಗೆ ಇದು ತಲೆಗೆ ಹೊಡೆಯುವುದಿಲ್ಲ. ಇಷ್ಟರಲ್ಲಿರುವ ಕೆಫೀನ್ ಒಂದು ಲೋಟ ಕಾಫಿಯ ಹತ್ತಿರಕ್ಕೂ ಬಾರದು. ಹೆಚ್ಚಿರುವುದು ಥಿಯೊಬ್ರೊಮಿನ್, ಕೆಫೀನಿನ ಜಾತಿಯದೇ ಇನ್ನೊಂದು ಉತ್ತೇಜಕ. ಅದರದು ಮೆಲ್ಲಗಿನ ಕೆಲಸ, ದೇಹದಿಂದ ಹೋಗುವುದೂ ನಿಧಾನ. ಆರೂವರೆಯವರೆಗೆ ಲೆಕ್ಕಕ್ಕೆ ಕೂತರೂ ಕಣ್ಣು ಎಳೆಯಲಿಲ್ಲ. ಹುರುಪಿನಲ್ಲಿ ಒಂದು ದಿನ ರಾತ್ರಿ ಊಟದ ಮೇಲೂ ತಿಂದೆ. ಅಂದು ಎರಡು ಗಂಟೆಗೆ ತೋಟದಲ್ಲಿ ಸೋಗೆ ಬಿದ್ದ ಸದ್ದು ಕೇಳುತ್ತಾ ಮಲಗಿದ್ದೆ. ಕಾಫಿ ಬಿಟ್ಟದ್ದು ಯಾಕೆಂಬುದೇ ಮರೆತಿತ್ತು!

ಕೊನೆಗೆ ನಮ್ಮದೇ ಬೀಜವನ್ನು ಆರು ದಿನ ಹುಳಿಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಜಗಿದೆ. ಥಿಯೊಬ್ರೊಮಿನ್ ಇದರಲ್ಲೇ ಜಾಸ್ತಿ, ಖುಷಿ ಮಾತ್ರ ಸೊನ್ನೆ. ಕೊಕ್ಕೊದಲ್ಲಿ ಪ್ರೀತಿ ಹುಟ್ಟಿಸುವ ರಾಸಾಯನಿಕವಿದೆ ಎನ್ನುವವರಿದ್ದಾರೆ. ಅದು ಮಿದುಳು ಮುಟ್ಟುವ ಮೊದಲೇ ಬಹುಪಾಲು ದೇಹದಲ್ಲಿ ಕರಗಿಹೋಗುತ್ತದೆ. ನನಗಂತೂ ಖುಷಿ ಸಿಕ್ಕಿದ್ದು ನಾಲಿಗೆಯ ಮೇಲೆ: ಸಿಹಿ, ಪರಿಮಳ, ಬಾಯಿಯ ಬಿಸಿಗೇ ಕರಗುವ ಕೊಕ್ಕೊ ಬೆಣ್ಣೆ.

ಈಗ ನಾಲ್ಕು ಗಂಟೆಗೆ ಎರಡು ತುಂಡು ಕಪ್ಪು, ಅದೂ ಸರಿಯಾಗಿ ಉಂಡ ದಿನ. ಐದೂವರೆಯ ಸಿಟ್ಟು ಅಡಿಕೆ ಧಾರಣೆ ಇಳಿದ ದಿನ ಈಗಲೂ ಬರುತ್ತದೆ. ಅದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ.