ಹಿತ್ತಿಲ ಹಳೆಯ ತಾವರೆ ಕೊಳವನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸುವ ಬಗೆ

ಯಾವುದೋ ಕಾಲದಲ್ಲಿ ಆಸೆಪಟ್ಟು ಕಟ್ಟಿಸಿದ ತಾವರೆ ಕೊಳದಲ್ಲಿ ಈಗ ಮಾವಿನ ಎಲೆ, ತೆಂಗಿನ ಸಿಪ್ಪೆ, ಒಡೆದ ಹೂಕುಂಡಗಳು ಬಿದ್ದುಕೊಂಡಿರುವುದು ಹಳೆಯ ಮನೆಗಳ ಹಿತ್ತಿಲಿನಲ್ಲಿ ಅಪರೂಪವೇನಲ್ಲ. ನಮ್ಮ ಮನೆಯದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ಇಟ್ಟಿಗೆ ಮತ್ತು ಸಿಮೆಂಟಿನ ಕೊಳ. ತುಂಬಿದರೆ ಸುಮಾರು 1,350 ಲೀಟರ್ ನೀರು ಹಿಡಿಯುತ್ತದೆ. ಒಡೆದು ಹೊಸದಾಗಿ ಕಟ್ಟಿಸುವುದೇ ಮೇಲು ಎಂಬ ಸಲಹೆ ಎಲ್ಲರಿಂದಲೂ ಬಂತು. ಆದರೆ ನೀರು ಎಲ್ಲಿಂದ ಹೋಗುತ್ತಿದೆ ಎಂಬುದು ತಿಳಿಯುವ ಮುಂಚೆ ಒಂದು ರೂಪಾಯಿಯನ್ನೂ ಬಿಚ್ಚಬಾರದು.

ಈ ಕೆಲಸಕ್ಕೆ ಫೆಬ್ರವರಿಯಿಂದ ಯುಗಾದಿಯವರೆಗಿನ ಕಾಲ ಅನುಕೂಲ. ಕಪ್ಪೆಗಳು ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ, ತೆಗೆದ ಹೂಳು ಬೇಗ ಒಣಗುತ್ತದೆ, ಗಾರೆ ಗಟ್ಟಿಯಾಗಿ ಸುಣ್ಣದ ಅಂಶ ಬಿಟ್ಟುಕೊಳ್ಳಲು ಮುಂಗಾರಿನವರೆಗೆ ಸಮಯವೂ ಸಿಗುತ್ತದೆ. ಕಸವನ್ನೆಲ್ಲ ತೆಗೆದ ಮೇಲೆ ತಳದ ಕಪ್ಪು ಹೂಳನ್ನು ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹಾಕಬಹುದು. ತಳದಲ್ಲಿ ಇನ್ನೂ ನೀರು ಉಳಿದಿದ್ದರೆ ಎರಡು ಬಕೆಟ್ ನೀರನ್ನೂ ಒಂದು ಬೋಗುಣಿ ಹೂಳನ್ನೂ ನೆರಳಿನಲ್ಲಿ ಮುಚ್ಚಿಡಬೇಕು. ನೀರನ್ನು ಹದದಲ್ಲಿಡುವ ಸೂಕ್ಷ್ಮಜೀವಿಗಳಿಗೆ ಅದೇ ಹೆಪ್ಪು.

ಅನಂತರ ಕೊಳವನ್ನು ತುಂಬಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆಯಬೇಕು. ಪಕ್ಕದಲ್ಲೇ, ಅಷ್ಟೇ ಬಿಸಿಲು ಬೀಳುವ ಕಡೆ, ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಹಾಕಬೇಕು. ಒಂದು ದಿನದ ನಂತರ ಎರಡರಲ್ಲೂ ನೀರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಕೇವಲ ಆವಿಯಾದ ನೀರು. ಬೇಸಿಗೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್ ಹೋಗುವುದು ಸಹಜ. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ ಎಂದರ್ಥ. ಆಗ ನೀರು ತುಂಬಿಸದೆ ಸುಮ್ಮನೆ ಬಿಟ್ಟು, ಮಟ್ಟ ಎಲ್ಲಿ ನಿಲ್ಲುತ್ತದೆ ಎಂದು ಕಾಯಬೇಕು. ಬಿರುಕು ಸಾಮಾನ್ಯವಾಗಿ ಆ ಮಟ್ಟದಲ್ಲೇ, ನಾಲ್ಕು ಗೋಡೆಗಳಲ್ಲಿ ಯಾವುದಾದರೊಂದರಲ್ಲಿ ಇರುತ್ತದೆ. ನಮ್ಮಲ್ಲಿ ನೀರು ತಳದಿಂದ ಒಂದು ಗೇಣು ಮೇಲೆ ನಿಂತಿತು. ನೋಡಿದರೆ ನುಗ್ಗೆ ಮರದ ಕಡೆಯ ಗೋಡೆಯಲ್ಲಿ ಕೂದಲೆಳೆಯಂಥ ಸೀಳು.

ಬಿರುಕಿನ ಮೇಲೆ ನೇರವಾಗಿ ಸಿಮೆಂಟು ಬಳಿದರೆ ಆರು ತಿಂಗಳೂ ನಿಲ್ಲುವುದಿಲ್ಲ. ಉಳಿಯಿಂದ ಅದನ್ನು ಬೆರಳು ಹೋಗುವಷ್ಟು ಅಗಲಕ್ಕೆ ಕೆತ್ತಿ, ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಚೆನ್ನಾಗಿ ನೆನೆಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿದ ಗಾರೆಯನ್ನು ಒತ್ತಿ ತುಂಬಬೇಕು. ಗಾರೆಗೆ ಬೆರೆಸುವ ವಾಟರ್‌ಪ್ರೂಫಿಂಗ್ ದ್ರವವನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಹಾಕಬೇಕು. ಹೆಚ್ಚು ಹಾಕಿದರೆ ಗಾರೆ ಹೆಚ್ಚು ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡಬೇಕು.

ಇಲ್ಲಿ ನಾನು ಮಾಡಿದ ಒಂದು ಎಡವಟ್ಟನ್ನು ಹೇಳಬೇಕು. ದುರಸ್ತಿಯ ನಂತರವೂ ನೀರು ಬಕೆಟ್ಟಿಗಿಂತ ಅರ್ಧ ಇಂಚು ಹೆಚ್ಚೇ ಇಳಿಯುತ್ತಿತ್ತು, ನಾನು ಗಾರೆ ಕೆಲಸದವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಮೂರನೆಯ ದಿನ ಕಣ್ಣಿಗೆ ಬಿದ್ದದ್ದು ಅದೇ ಗೋಣಿಚೀಲ: ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಕಟ್ಟೆಯ ಹೊರಗೆ ನೇತಾಡುತ್ತ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ನೀರನ್ನು ಹೊರಗೆ ಸಾಗಿಸುತ್ತಿತ್ತು. ಅಂಚಿನ ಮೇಲೆ ದಟ್ಟವಾಗಿ ಬೆಳೆದ ಹುಲ್ಲು ಮತ್ತು ಪಾಚಿಯೂ ಇದೇ ಕೆಲಸ ಮಾಡುತ್ತವೆ.

ತಳವೇ ಕುಸಿದಿದ್ದರೆ ಮಾತ್ರ ಪ್ಲಾಸ್ಟಿಕ್ ಹಾಳೆ ಹೊದಿಸುವ ಯೋಚನೆ ಮಾಡಬೇಕು. ಉದ್ದಕ್ಕೆ ಆಳದ ಎರಡರಷ್ಟನ್ನೂ ಎರಡೂ ಅಂಚುಗಳಿಗೆ ಒಂದೊಂದು ಅಡಿಯನ್ನೂ ಸೇರಿಸಬೇಕು, ಅಗಲಕ್ಕೂ ಹಾಗೆಯೇ. ನಮ್ಮ ಕೊಳಕ್ಕಾದರೆ 12 ಅಡಿಗೆ 10 ಅಡಿಯ ಹಾಳೆ ಬೇಕಾಗುತ್ತದೆ. ಕೃಷಿ ಹೊಂಡಕ್ಕೆ ಬಳಸುವ ದಪ್ಪ ಹಾಳೆಯ ತುಂಡು ಸಿಕ್ಕರೆ ಒಳ್ಳೆಯದು. ತೆಳುವಾದ ನೀಲಿ ಟಾರ್ಪಾಲು ಬಿಸಿಲಿಗೆ ಬೇಗ ಸಿಪ್ಪೆಯೇಳುತ್ತದೆ. ಹಾಳೆಯ ಕೆಳಗೆ ಹಳೆಯ ಸೀರೆಗಳನ್ನೋ ಅಕ್ಕಿ ಚೀಲಗಳನ್ನೋ ಹಾಸಿದರೆ ಕಲ್ಲು ಚುಚ್ಚುವುದಿಲ್ಲ.

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಡುವುದರಿಂದ ನೀರು ಕ್ಷಾರವಾಗಿ ಮೀನು ಸಾಯುತ್ತದೆ. ಬಾಳೆದಿಂಡನ್ನು ತುಂಡು ಮಾಡಿ ನೀರಿನಲ್ಲಿ ವಾರವಿಡೀ ಕೊಳೆಯಲು ಬಿಟ್ಟು, ನೀರು ಹೊರಚೆಲ್ಲಿ, ಉಜ್ಜಿ ತೊಳೆದು, ಇದನ್ನೇ ಎರಡು ಮೂರು ಸಲ ಮಾಡುವುದು ಮೀನು ಸಾಕುವವರು ಬಳಸುವ, ಖರ್ಚಿಲ್ಲದ ಉಪಾಯ. ಕೊನೆಯ ಸಲ ತುಂಬಿಸುವುದು ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ಬಿಸಿಲಿಗೆ ಬಿಟ್ಟು, ತೆಗೆದಿಟ್ಟ ಹಳೆಯ ನೀರು ಮತ್ತು ಹೂಳನ್ನು ಆಮೇಲೆ ಬೆರೆಸಬೇಕು.

ತಾವರೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು; ಅಷ್ಟು ಸಿಗದ ಹಿತ್ತಿಲಿಗೆ ನೈದಿಲೆಯೇ ವಾಸಿ. ತೂತಿಲ್ಲದ ಹಳೆಯ ಪ್ಲಾಸ್ಟಿಕ್ ಟಬ್ಬಿನ ತಳದಲ್ಲಿ ಒಂದು ಹಿಡಿ ಹಳೆಯ ಸಗಣಿ ಗೊಬ್ಬರ, ಅದರ ಮೇಲೆ ಕೆರೆಯ ಗೋಡು ತುಂಬಿ, ಗಡ್ಡೆ ನೆಟ್ಟು, ಮಣ್ಣು ಕದಡದಂತೆ ಎರಡು ಬೆರಳು ಮರಳು ಹರಡಬೇಕು. ಅಂಗಡಿಯ ತೆಂಗಿನ ನಾರಿನ ಮಿಶ್ರಣ ನೀರಿನ ಮೇಲೆ ತೇಲಿಬರುವುದರಿಂದ ಅದು ಬೇಡ. ಅಂಚಿನಲ್ಲಿ ಬಜೆ, ಕೆಸು, ಒಂದೆಲಗ ಚೆನ್ನಾಗಿ ಬರುತ್ತವೆ, ನೆರೆಮನೆಯವರಲ್ಲಿ ಕೇಳಿದರೆ ಪುಕ್ಕಟೆಯಾಗಿಯೇ ಸಿಗುತ್ತವೆ. ಅಂತರಗಂಗೆಯನ್ನು ಮಾತ್ರ ತರಬಾರದು.

ಮೊದಲ ಎರಡು ಮೂರು ವಾರ ನೀರು ಪಾಲಕ್ ಸಾರಿನಂತೆ ಹಸಿರಾಗುತ್ತದೆ. ಗಾಬರಿಯಾಗಿ ನೀರು ಬದಲಾಯಿಸಿದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ; ಮೈಲುತುತ್ತ ಹಾಕಿದರೆ ಪಾಚಿಯ ಜೊತೆಗೆ ಮೀನು, ಬಸವನ ಹುಳುಗಳೂ ಸಾಯಬಹುದು. ನೈದಿಲೆಯ ಎಲೆಗಳು ನೀರಿನ ಮೇಲ್ಮೈಯ ಅರ್ಧದಷ್ಟನ್ನು ಮುಚ್ಚಿದಾಗ ಪಾಚಿಗೆ ಬಿಸಿಲು ಸಿಗದೆ ನೀರು ತಾನಾಗಿಯೇ ತಿಳಿಯಾಗುತ್ತದೆ.

ಸೊಳ್ಳೆಯ ವಿಷಯದಲ್ಲಿ ಇಷ್ಟು ತಾಳ್ಮೆ ಸಲ್ಲದು, ಏಕೆಂದರೆ ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಟ್ಟು ಏಳರಿಂದ ಹತ್ತು ದಿನಗಳಲ್ಲಿ ಹಾರಾಡತೊಡಗುತ್ತದೆ. ಆದ್ದರಿಂದ ನೀರು ಹದವಾದ ಕೂಡಲೇ ಎಂಟು ಹತ್ತು ಗಪ್ಪಿ ಮೀನು ಬಿಡಬೇಕು. ಅವು ಬೇಗ ಮರಿ ಹಾಕಿ ಹೆಚ್ಚುತ್ತವೆ, ಆದರೆ ಹೆಚ್ಚಾದವನ್ನು ಊರ ಕೆರೆಗೆ ಸುರಿಯುವುದು ಅಲ್ಲಿನ ಸ್ಥಳೀಯ ಮೀನುಗಳಿಗೆ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿ ಕೂರಿಸಲೇಬೇಕು. ಇದರಲ್ಲಿ ಮಾತ್ರ ಉಳಿತಾಯದ ಲೆಕ್ಕ ಹಾಕಬಾರದು. ಮೂಲೆಯಲ್ಲಿ ಒಂದು ಚಪ್ಪಡಿಯನ್ನು ನೀರಿನಿಂದ ಕಟ್ಟೆಯವರೆಗೆ ಓರೆಯಾಗಿ ಇಟ್ಟರೆ, ಕಾಲು ಜಾರಿ ಬಿದ್ದ ಅಳಿಲೂ ಬಾಲ ಕರಗಿದ ಮರಿಗಪ್ಪೆಯೂ ಅದನ್ನು ಹತ್ತಿ ಹೊರಗೆ ಬರುತ್ತವೆ.