ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟ ಫಿಲ್ಮುಗಳು: ಹಲ್ಲಿನ ಎಕ್ಸ್-ರೇ ಕಲಿತ ನನ್ನ ಅನುಭವ

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ದಂತ ಚಿಕಿತ್ಸಾಲಯ ತೆರೆದ ಮೊದಲ ವರ್ಷ, ಸರಿಯಾಗಿ ಬಾರದ ಎಕ್ಸ್-ರೇ ಫಿಲ್ಮುಗಳನ್ನು ನಾನು ಕಸಕ್ಕೆ ಹಾಕದೆ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಡುತ್ತಿದ್ದೆ. ಅದಕ್ಕೆ ಕಾರಣ ಅಧ್ಯಯನದ ಉತ್ಸಾಹವಲ್ಲ, ಸಹಾಯಕಿಯ ಕಣ್ಣಿಗೆ ಬೀಳಬಾರದೆಂಬ ನಾಚಿಕೆ. ಡಬ್ಬ ತುಂಬಿದ ಮೇಲೆ ಒಂದು ಭಾನುವಾರ ಎಲ್ಲವನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ ನೋಡಿದೆ. ಅಲ್ಲಿಯವರೆಗೆ ಯಂತ್ರವನ್ನೇ ದೂರುತ್ತಿದ್ದ ನನಗೆ, ಯಂತ್ರದಿಂದ ಕೆಟ್ಟ ಫಿಲ್ಮು ಒಂದೂ ಸಿಗಲಿಲ್ಲ. ಅರ್ಧದಷ್ಟು ಕಿರಣದ ಕೋನದ ತಪ್ಪುಗಳು, ಉಳಿದವು ಹೆಚ್ಚಾಗಿ ಡಾರ್ಕ್ ರೂಮಿನ, ಅಂದರೆ ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ತಪ್ಪುಗಳು.

ಆಗ ನನ್ನಲ್ಲಿ ಫಿಲ್ಮ್ ಹೋಲ್ಡರ್ ಇರಲಿಲ್ಲ. ರೋಗಿಯ ಬೆರಳಿನಿಂದಲೇ ಫಿಲ್ಮನ್ನು ಒತ್ತಿ ಹಿಡಿಸಿ, ಕೋನಾರ್ಧಕ ವಿಧಾನದಲ್ಲಿ ಚಿತ್ರ ತೆಗೆಯುತ್ತಿದ್ದೆ. ಹಲ್ಲಿನ ಉದ್ದದ ಅಕ್ಷ ಮತ್ತು ಫಿಲ್ಮಿನ ನಡುವೆ ಉಂಟಾಗುವ ಕೋನವನ್ನು ಮನಸ್ಸಿನಲ್ಲೇ ಎರಡಾಗಿ ಸೀಳಿ, ಆ ಸೀಳುವ ರೇಖೆಗೆ ಲಂಬವಾಗಿ ಕಿರಣ ಬೀಳುವಂತೆ ಕೊಳವೆಯನ್ನು ತಿರುಗಿಸಿದರೆ ಮಾತ್ರ ಹಲ್ಲಿನ ನಿಜವಾದ ಉದ್ದ ಫಿಲ್ಮಿನಲ್ಲಿ ಮೂಡುತ್ತದೆ. ಕೊಳವೆಯನ್ನು ಬೇಕಾದಷ್ಟು ಬಾಗಿಸದಿದ್ದರೆ ಹಲ್ಲು ಸಂಜೆಯ ನೆರಳಿನಂತೆ ಉದ್ದವಾಗುತ್ತದೆ, ಹೆಚ್ಚು ಬಾಗಿಸಿದರೆ ಮಧ್ಯಾಹ್ನದ ನೆರಳಿನಂತೆ ಗಿಡ್ಡವಾಗುತ್ತದೆ. ಈ ನೆರಳಿನ ಹೋಲಿಕೆಯನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನೇ. ಆದರೂ ಒಬ್ಬ ರೈತನ ಮೇಲಿನ ಕೋರೆಹಲ್ಲಿಗೆ ರೂಟ್ ಕೆನಾಲ್ ಮಾಡುವಾಗ ಫಿಲ್ಮಿನಲ್ಲಿ ಕಂಡ 31 ಮಿಲಿಮೀಟರ್ ಉದ್ದವನ್ನು ನಂಬಿಬಿಟ್ಟೆ. ಈ ಹಲ್ಲಿನ ಸರಾಸರಿ ಉದ್ದ ಸುಮಾರು 27 ಮಿಲಿಮೀಟರ್ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ. ನರ ಸತ್ತಿದ್ದರಿಂದ ಮರಗಟ್ಟಿಸುವ ಚುಚ್ಚುಮದ್ದನ್ನೂ ಕೊಟ್ಟಿರಲಿಲ್ಲ. ಬೇರಿನ ನಾಳವನ್ನು ಉಜ್ಜುವ ಸೂಜಿಯಂಥ ಫೈಲು ಒಳಗಿಳಿಯುತ್ತಿದ್ದಂತೆ ಅವರು ನನ್ನ ಕೈ ಹಿಡಿದು, "ಡಾಕ್ಟರ್ರೇ, ಮೂಗಿನ ಬುಡಕ್ಕ ಚುಚ್ಚಿದಂಗಾತ್ರೀ" ಎಂದರು. ಫೈಲು ಬೇರಿನ ತುದಿಯನ್ನು ದಾಟಿತ್ತು. ಅದನ್ನು ಹೊರತೆಗೆದು, ಫೈಲನ್ನು ಕಡಿಮೆ ಉದ್ದಕ್ಕೆ ಅಳೆದು ಹಲ್ಲಿನೊಳಗೇ ಇರಿಸಿ, ಕೋನ ಸರಿಪಡಿಸಿಕೊಂಡು ಮತ್ತೊಮ್ಮೆ ಚಿತ್ರ ತೆಗೆದೆ.

ಕೋನ ತಪ್ಪಿದ್ದೇಕೆ ಎಂದು ಹುಡುಕಿದಾಗ ದೊರೆತ ಉತ್ತರ ತೀರ ಸಾಮಾನ್ಯವಾದದ್ದು. ಮೇಲಿನ ಬಾಚಿಹಲ್ಲಿಗೆ 40ರಿಂದ 50, ಮುಂದವಡೆ ಹಲ್ಲಿಗೆ 30ರಿಂದ 40, ದವಡೆ ಹಲ್ಲಿಗೆ 20ರಿಂದ 30 ಡಿಗ್ರಿ ಎಂಬ ಪಟ್ಟಿಯನ್ನು ನಾನು ಗೋಡೆಗೆ ಅಂಟಿಸಿಕೊಂಡಿದ್ದೆ. ಆ ಅಂಕಿಗಳು ಸರಿಯಾಗಿಯೇ ಇವೆ, ಆದರೆ ಮೂಗಿನ ಹೊಳ್ಳೆಯಿಂದ ಕಿವಿಯವರೆಗಿನ ರೇಖೆ ನೆಲಕ್ಕೆ ಸಮಾಂತರವಾಗಿರುವಂತೆ ರೋಗಿ ಕುಳಿತಿದ್ದರೆ ಮಾತ್ರ. ನಾನು ಕುರ್ಚಿಯನ್ನು ಚಿಕಿತ್ಸೆಗೆ ಒರಗಿಸಿದ್ದಂತೆಯೇ ಬಿಟ್ಟು, ಯಂತ್ರದ ತೋಳಿನ ಮೇಲಿನ ಅಂಕಿಯನ್ನು ನೋಡಿ ಕೊಳವೆ ತಿರುಗಿಸುತ್ತಿದ್ದೆ. ಬೆರಳಿನದು ಇನ್ನೊಂದು ಕಾಟ: ರೋಗಿ ಭಯದಿಂದ ಹೆಬ್ಬೆರಳನ್ನು ಬಲವಾಗಿ ಒತ್ತಿದರೆ ಫಿಲ್ಮು ಅಂಗುಳಿನ ಕಮಾನಿಗೆ ತಕ್ಕಂತೆ ಬಾಗಿ, ಬೇರಿನ ತುದಿ ಮಾತ್ರ ಎಳೆದಂತೆ ಮೂಡುತ್ತದೆ. ಒಂದು ಚಿತ್ರದಲ್ಲಂತೂ ಬೆರಳು ಫಿಲ್ಮಿನ ಮುಂದೆಯೇ ಬಂದು, ಹಲ್ಲುಗಳ ಮೇಲೆ ಮೂಳೆಯ ಗೆಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು. ಅದೊಂದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಹೋಲ್ಡರ್ ತಂದು ಸಮಾಂತರ ವಿಧಾನಕ್ಕೆ ಬದಲಾದ ಮೇಲೆ ಈ ದೋಷಗಳು ಬಹುಮಟ್ಟಿಗೆ ನಿಂತವು. ಅದರಲ್ಲಿ ಫಿಲ್ಮು ಹಲ್ಲಿನ ಅಕ್ಷಕ್ಕೆ ಸಮಾಂತರವಾಗಿರುತ್ತದೆ, ಹೊರಗಿನ ಉಂಗುರ ಕೊಳವೆಗೆ ದಾರಿ ತೋರಿಸುತ್ತದೆ. ಹಾಗಾಗಿ ಕಿರಣ ಅರ್ಧ ಫಿಲ್ಮನ್ನು ತಪ್ಪಿಸಿ, ಮೂಲೆಯಲ್ಲಿ ಬಿಳಿ ಅರ್ಧಚಂದ್ರ ಉಳಿಯುವ ತಪ್ಪೂ ಇಲ್ಲವಾಯಿತು. ಆದರೆ ಹೊಸಬರು ಹೋಲ್ಡರನ್ನು ಹಲ್ಲಿಗೆ ಅಂಟಿಸಿ ಇಡುತ್ತಾರೆ. ಅಂಗುಳು ಅಲ್ಲಿ ಇಳಿಜಾರಾಗಿರುವುದರಿಂದ ಫಿಲ್ಮು ವಾಲಿ ಬೇರಿನ ತುದಿ ಕತ್ತರಿಸಿ ಹೋಗುತ್ತದೆ. ಅಂಗುಳಿನ ನಡುವೆ, ಕಮಾನು ಆಳವಾಗಿರುವ ಕಡೆಗೆ ಒಯ್ದರೆ ಫಿಲ್ಮು ನೆಟ್ಟಗೆ ನಿಲ್ಲುತ್ತದೆ. ಕೆಳದವಡೆಯಲ್ಲಿ ರೋಗಿಗೆ ಒಮ್ಮೆ ಉಗುಳು ನುಂಗಲು ಹೇಳಿ, ನಾಲಿಗೆಯ ಕೆಳಗಿನ ಸ್ನಾಯು ಸಡಿಲವಾದಾಗ, ಬಾಯಿ ಮುಚ್ಚುತ್ತಿರುವಂತೆಯೇ ಫಿಲ್ಮನ್ನು ಕೆಳಗಿಳಿಸಬೇಕು. ಬಾಯಿ ದೊಡ್ಡದಾಗಿ ತೆರೆಸಿ ಒತ್ತಿದರೆ ನೋವಲ್ಲದೆ ಬೇರೇನೂ ಸಿಗದು.

ಡಾರ್ಕ್ ರೂಮಿನ ಕಥೆ ನಮ್ಮ ಬಿಸಿಲಿನ ಕಥೆಯೇ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಐದು ನಿಮಿಷ ಎಂಬುದು ಪುಸ್ತಕದ ಲೆಕ್ಕ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಕೋಣೆಯ ದ್ರಾವಣ 34 ಡಿಗ್ರಿ ತೋರಿಸುತ್ತಿತ್ತು. ಫಿಲ್ಮು ಅದ್ದಿದ ಕ್ಷಣದಲ್ಲೇ ಕಪ್ಪಾಗಿ, ಮಂಜು ಮುಸುಕಿದಂತಾಗುತ್ತಿತ್ತು. ಅವಸರಪಟ್ಟು ಅದನ್ನು ಫ್ರಿಜ್ಜಿನ ತಣ್ಣೀರಿಗೆ ಹಾಕಿದ್ದು ಇನ್ನೂ ದೊಡ್ಡ ತಪ್ಪು: ಬಿಸಿಗೆ ಮೆತ್ತಗಾದ ಪದರ ಒಮ್ಮೆಲೇ ಕುಗ್ಗಿ, ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ಕೊನೆಗೆ ಡೆವಲಪರ್, ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್ ಮತ್ತು ತೊಳೆಯುವ ನೀರು ಮೂರನ್ನೂ ಮಣ್ಣಿನ ದೊಡ್ಡ ಗಡಿಗೆಯಿಂದ ತೆಗೆದ ನೀರಿನ ಒಂದೇ ತಟ್ಟೆಯಲ್ಲಿ ನಿಲ್ಲಿಸಿ, ತಾಪಮಾನ ಮೂರಕ್ಕೂ ಸಮನಾಗುವಂತೆ ಮಾಡಿಕೊಂಡೆ. ಸಮಯವನ್ನು ಗಡಿಯಾರಕ್ಕೆ ಬಿಡದೆ ಥರ್ಮಾಮೀಟರಿಗೆ ಬಿಟ್ಟೆ. ಫಿಲ್ಮನ್ನು ಕೆಡಿಸದೆಂದು ಆ ಕೋಣೆಯಲ್ಲಿ ಹಾಕಿಕೊಂಡಿದ್ದ ಕೆಂಪು ದೀಪವೂ ನಿರ್ದೋಷಿಯಲ್ಲವೆಂದು ಗೊತ್ತಾದದ್ದು ನಾಣ್ಯದ ಪರೀಕ್ಷೆಯಿಂದ. ಹೊದಿಕೆ ತೆಗೆದ ಹೊಸ ಫಿಲ್ಮಿನ ಮೇಲೆ ಒಂದು ರೂಪಾಯಿಯನ್ನು ಮೂರು ನಿಮಿಷ ಆ ದೀಪದಡಿ ಇಟ್ಟು ಡೆವಲಪ್ ಮಾಡಿದಾಗ, ನಾಣ್ಯದ ದುಂಡನೆಯ ಆಕಾರ ಮಸುಕಾಗಿ ಮೂಡಿಬಂತು. ಬಾಗಿಲ ಸಂದಿಯಿಂದಲ್ಲ, ನಾನೇ ಹಾಕಿದ ಬಲ್ಬಿನಿಂದಲೇ ಬೆಳಕು ಫಿಲ್ಮುಗಳನ್ನು ಕೆಡಿಸುತ್ತಿತ್ತು.

ಡಬ್ಬದಲ್ಲಿ ಬಿಳಚಿಕೊಂಡು, ಟೈರಿನ ಅಚ್ಚಿನಂಥ ಗುರುತು ಮೂಡಿದ ಐದಾರು ಫಿಲ್ಮುಗಳೂ ಇದ್ದವು. ಪೊಟ್ಟಣವನ್ನು ಹಿಂದುಮುಂದಾಗಿ ಇಟ್ಟರೆ ಒಳಗಿನ ಸೀಸದ ಹಾಳೆ ಕಿರಣಕ್ಕೆ ಅಡ್ಡ ಬಂದು ಹೀಗಾಗುತ್ತದೆ. ಅದನ್ನು ನೋಡಿದ ಕೂಡಲೇ ತಿಳಿಯುತ್ತದೆ, ಆದ್ದರಿಂದ ಅಪಾಯ ಕಡಿಮೆ. ತಿಳಿಯದಿರುವುದು ಎಡಬಲದ ತಪ್ಪು. ಫಿಲ್ಮಿನ ಮೂಲೆಯ ಉಬ್ಬು ಚುಕ್ಕೆಯನ್ನು ನೋಡದೆ ಮಗುಚಿ ಹಿಡಿದರೆ ಬಲದ ದವಡೆ ಹಲ್ಲು ಎಡದ್ದಾಗಿ ಕಾಣುತ್ತದೆ. ಕೀಳಬೇಕಾದ ಹಲ್ಲಿನ ವಿಷಯದಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ. ಚುಕ್ಕೆಯ ಉಬ್ಬು ನನ್ನ ಕಡೆಗಿರಬೇಕು ಎಂಬ ನಿಯಮವನ್ನು ಅಂದಿನಿಂದ ಬಿಟ್ಟಿಲ್ಲ. ಫಿಕ್ಸರಿನಿಂದ ಬೇಗ ತೆಗೆದು, ಅರೆಬರೆ ತೊಳೆದ ಫಿಲ್ಮುಗಳು ವರ್ಷ ತಿರುಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದವು.

ಹಿಂದಿನ ದವಡೆ ಹಲ್ಲಿಗೆ ಫಿಲ್ಮ್ ಇಡುವಾಗ ಹಲವರಿಗೆ ವಾಕರಿಕೆ ಬರುತ್ತದೆ. ನನ್ನ ಕ್ರಮವೆಂದರೆ, ಸಮಯ ಹೊಂದಿಸುವುದು, ಕೊಳವೆಯನ್ನು ಕೆನ್ನೆಯ ಹತ್ತಿರ ತರುವುದು ಎಲ್ಲವನ್ನೂ ಮೊದಲೇ ಮುಗಿಸಿ, ಫಿಲ್ಮನ್ನು ಕೊನೆಯಲ್ಲಿ ಇಡುವುದು. ಅದೂ ಅಂಗುಳಿನ ಮೇಲೆ ಸವರಿಕೊಂಡು ಹೋಗದೆ ಒಮ್ಮೆಲೇ ಜಾಗಕ್ಕೆ ಒತ್ತುವುದು. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಾಕಿ, ಮೂಗಿನಿಂದ ಉಸಿರಾಡುತ್ತ ಒಂದು ಕಾಲನ್ನು ಮೇಲೆತ್ತಿ ಹಿಡಿಯಲು ಹೇಳುತ್ತೇನೆ. ಕಾಲಿನ ಕಡೆ ಗಮನ ಹೋದಷ್ಟು ಹೊತ್ತು ನಮಗೆ ಸಾಕು. ಮಗು ಫಿಲ್ಮ್ ಹಿಡಿಯದಿದ್ದರೆ ನಾನಾಗಲಿ ಸಹಾಯಕಿಯಾಗಲಿ ಹಿಡಿಯುವುದಿಲ್ಲ, ಸೀಸದ ಏಪ್ರನ್ ತೊಡಿಸಿ ತಂದೆಗೋ ತಾಯಿಗೋ ಹಿಡಿಸುತ್ತೇವೆ. ನಾವು ಆರು ಅಡಿ ದೂರ, ಕಿರಣದ ದಾರಿಗೆ ಪಕ್ಕದಲ್ಲಿ ನಿಲ್ಲುತ್ತೇವೆ.

ಈಗ ಆರ್‌ವಿಜಿ, ಅಂದರೆ ಫಿಲ್ಮಿನ ಬದಲು ಸೆನ್ಸರಿನಿಂದ ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವ ವ್ಯವಸ್ಥೆ ಬಂದಿದೆ, ಗಡಿಗೆಯೂ ಇಲ್ಲ, ಕೆಂಪು ದೀಪವೂ ಇಲ್ಲ. ಸೆನ್ಸರ್ ದಪ್ಪ, ಬಾಗುವುದಿಲ್ಲ. ಚಿಕ್ಕ ಬಾಯಿಯಲ್ಲಿ ಅದನ್ನು ನೆಟ್ಟಗೆ ಕೂರಿಸುವುದು ಫಿಲ್ಮಿಗಿಂತ ಕಷ್ಟ. ಅದಕ್ಕಿಂತ ನನ್ನನ್ನು ಚುಚ್ಚುವ ಸಂಗತಿ ಬೇರೆ. ಫಿಲ್ಮಿಗೆ ದುಡ್ಡು ಕೊಡಬೇಕಿದ್ದಾಗ ಎರಡನೆಯ ಸಲ ಗುಂಡಿ ಒತ್ತಲು ಕೈ ಹಿಂಜರಿಯುತ್ತಿತ್ತು. ಈಗ ಹಲ್ಲುಗಳು ಒಂದರ ಮೇಲೊಂದು ಬಿದ್ದಂತೆ ಕಂಡರೆ, ಅಡ್ಡಕೋನ ಎಷ್ಟು ತಪ್ಪಿತೆಂದು ಯೋಚಿಸುವ ಮೊದಲೇ ಇನ್ನೊಂದು ಚಿತ್ರ ತೆಗೆದಾಗಿರುತ್ತದೆ, ಕೆಟ್ಟದ್ದು ಅಳಿಸಿಯೂ ಹೋಗಿರುತ್ತದೆ. ಆದ್ದರಿಂದ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಹಲ್ಲು, ಎರಡನೆಯ ಚಿತ್ರ ಏಕೆ ಬೇಕಾಯಿತು, ತೆಗೆದವರು ಯಾರು ಎಂದು ಬರೆಯದೆ ಮತ್ತೊಮ್ಮೆ ಗುಂಡಿ ಒತ್ತುವಂತಿಲ್ಲ. ಕಳೆದ ತಿಂಗಳ ಪುಟಗಳಲ್ಲಿ ನನ್ನ ಹೆಸರೇ ಹೆಚ್ಚು ಸಲ ಇದೆ, ಅದೂ ಮೇಲಿನ ಮುಂದವಡೆ ಹಲ್ಲಿನ ಎದುರಿಗೆ.