ಮೂರೇ ಸ್ಯಾಡಲ್‌ನಲ್ಲಿ ಟೆಲಿಕ್ಯಾಸ್ಟರ್ ಶ್ರುತಿ ಕೂರಿಸಿದ್ದು: ನನ್ನ ಅನುಭವ

ಟೆಲಿಕ್ಯಾಸ್ಟರ್ (ಟೆಲಿ) ಅಂದ್ರೆ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್. ಸ್ಯಾಡಲ್ ಅಂದ್ರೆ ಅದರ ಬ್ರಿಡ್ಜ್ ಅನ್ನೋ ತಟ್ಟೆ ಮೇಲೆ ತಂತಿ ಕೂರೋ ತುಂಡು; ಅದನ್ನ ಹಿಂದೆ ಮುಂದೆ ಸರಿಸಿ, ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಪಟ್ಟಿ) ಹತ್ರ ಒತ್ತಿದಾಗ್ಲೂ ಸ್ವರ ಶ್ರುತೀಲಿರೋ ಹಾಗೆ ಮಾಡ್ತಾರೆ. ಹಳೇ ಮಾದರಿ ಟೆಲಿಗೆ ಮೂರು ಹಿತ್ತಾಳೆ ಸ್ಯಾಡಲ್ ಇಟ್ಕೊಂಡು ಶ್ರುತಿ ಸರಿ ಮಾಡೋಕಾಗಲ್ಲ, ಆರು ಸ್ಯಾಡಲ್ ಬ್ರಿಡ್ಜ್ ಹಾಕ್ಸಿ ಸುಮ್ನಿರು ಅಂತ ಗಿಟಾರ್ ರಿಪೇರಿಯೋರೂ ಸೇರಿ ಎಲ್ರೂ ಹೇಳಿದ್ರು. ಆಗತ್ತೆ. ಈಗ ನನ್ನ ಗಿಟಾರ್‌ನಲ್ಲಿ 12ನೇ ಫ್ರೆಟ್ ಹತ್ರ ಆರೂ ತಂತಿ ಹೆಚ್ಚುಕಮ್ಮಿ ಎರಡು ಸೆಂಟ್ ಒಳಗೇ ನಿಲ್ತಿವೆ (ಸೆಂಟ್ ಅಂದ್ರೆ ಅರ್ಧ ಸ್ವರದ ನೂರನೇ ಒಂದು ಪಾಲು).

ನಂದು 1952ರ ಮಾದರಿ ನೋಡಿ ಮತ್ತೆ ತಯಾರಿಸಿದ ರೀಇಷ್ಯೂ, ತಂತಿ 10-46 (ತಂತಿ ದಪ್ಪ, ಇಂಚಿನ ಸಾವಿರನೇ ಪಾಲಿನ ಲೆಕ್ಕದಲ್ಲಿ). 1950ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಇದರ ಮೊದಲ ರೂಪ ಎಸ್ಕ್ವೈರ್ ಗಿಟಾರ್ ತಂದಾಗ್ಲೂ, ಆಮೇಲಿನ ಬ್ರಾಡ್‌ಕಾಸ್ಟರ್ ಗಿಟಾರ್‌ನ ಹೆಸರಿಗೆ ಗ್ರೆಚ್ ಅನ್ನೋ ವಾದ್ಯ ಕಂಪನಿಯೋರು ತಕರಾರು ತೆಗೆದು 1951ರಲ್ಲಿ ಅದು ಟೆಲಿಕ್ಯಾಸ್ಟರ್ ಆದಾಗ್ಲೂ ಎರಡು ತಂತಿಗೆ ಒಂದು ಸ್ಯಾಡಲ್ ಅನ್ನೋ ಲೆಕ್ಕ ಬದಲಾಗ್ಲಿಲ್ಲ. 1954ರ ಸ್ಟ್ರಾಟೋಕ್ಯಾಸ್ಟರ್‌ಗೆ ಆರು ಬಂತು, ಅದು ಬೇರೆ ವಿಷ್ಯ. ಆ ಮೂರರ ಲೆಕ್ಕದಲ್ಲಿ ನನಗೇನೂ ತಪ್ಪು ಕಾಣಲ್ಲ, ಯಾಕಂದ್ರೆ ಆಗಿನ ತಂತಿ ಸೆಟ್‌ನಲ್ಲಿ (ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ) ಜಿ ತಂತಿಗೂ ಮೇಲೆ ಲೋಹದ ಸುತ್ತು ಇರ್ತಿತ್ತು, ಪಕ್ಕದ ಡಿ ಜೊತೆ ಹೊಂದ್ಕೊಂಡು ಹೋಗ್ತಿತ್ತು. ನಾವೀಗ ಸುತ್ತಿಲ್ಲದ ಪ್ಲೇನ್ ಜಿ ಹಾಕ್ತೀವಿ, ಡಿ ಸರಿ ಮಾಡಿದ್ರೆ ಜಿ ಕೆಲವು ಸೆಂಟ್ ಮೇಲೆ ಹೋಗತ್ತೆ, ಜಿ ಸರಿ ಮಾಡಿದ್ರೆ ಡಿ ಕೆಳಗೆ ಕೂರತ್ತೆ.

ಮೊದಲು ಸುತ್ತಿನ ಜಿ ತಂತಿನೇ ಹಾಕ್ದೆ. ಶ್ರುತಿ ಚೆನ್ನಾಗ್ ಕೂತ್ಕೊಂತು, ಆದ್ರೆ ಬೆಂಡ್ ಮಾಡೋಕೆ (ತಂತಿ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋಕೆ) ಬೆರಳಿಗೆ ಬಗ್ಗಲ್ಲ. ಆಮೇಲೆ ಸ್ಯಾಡಲ್ ಹಿಂದೆ ಮುಂದೆ ಸರಿಸೋ ಉದ್ದದ ಸ್ಕ್ರೂ ಬಗ್ಗಿಸಿ ಸ್ಯಾಡಲ್ ಓರೆ ಮಾಡೋ ಹಳೇ ಉಪಾಯ. ಸ್ಕ್ರೂ ಅರ್ಧ ತಿರುಗಿಸಿದ್ರೆ ಓರೆ ಉಲ್ಟಾ ಆಗತ್ತೆ, ಪೂರ್ತಿ ಸುತ್ತಿಗೇ ನಿಲ್ಲಿಸ್ಬೇಕು, ಬೇಕಾದ ಜಾಗದಲ್ಲಿ ನಿಲ್ಲಲ್ಲ. ಸ್ಯಾಡಲ್ ಮೇಲ್ಭಾಗ ಅರ ಹಾಕಿ ಚಪ್ಪಟೆ ಮಾಡಿದ್ದಕ್ಕೆ ಜಿ ತಂತಿ ತಂಬೂರಿ ಥರ ಝೇಂಕರಿಸ್ತು. ಹೊರಗಿಂದ ರೆಡಿ ಓರೆ ಸ್ಯಾಡಲ್ ತರಿಸೋಣ ಅಂದ್ರೆ ಕಸ್ಟಮ್ಸ್ ಎಲ್ಲಾ ಸೇರಿ ಆರು ಸಾವಿರದ ಹತ್ರ.

ಕೊನೆಗೆ ಪೀಣ್ಯದ ಲೇತ್ ಶಾಪ್ ಒಂದ್ರಲ್ಲಿ 8 ಎಂಎಂ ಹಿತ್ತಾಳೆ ರಾಡ್ ಕಟ್ ಮಾಡ್ಸಿ, ಉದ್ದದ ಸ್ಕ್ರೂ ಹೋಗೋ ತೂತನ್ನೇ ಓರೆಯಾಗಿ ಕೊರೆದು ಎಂ3 (3 ಎಂಎಂ) ಸ್ಕ್ರೂ ಕೂರೋ ಹಾಗೆ ಟ್ಯಾಪ್ ಹೊಡೆದೆ. ಎತ್ತರದ ಸ್ಕ್ರೂ ತೂತು ನೇರವಾಗೇ ಇರ್ಬೇಕು. ಮುಖ್ಯ ಏನಂದ್ರೆ ಮೂರೂ ಒಂದೇ ಕಡೆ ವಾಲಲ್ಲ: ದಪ್ಪ ಇ-ಎ ಜೋಡೀಲಿ ಇ ಹಿಂದೆ, ಬಿ-ಇ ಜೋಡೀಲಿ ಬಿ ಹಿಂದೆ, ಮಧ್ಯದ್ದು ಮಾತ್ರ ಉಲ್ಟಾ, ಅಲ್ಲಿ ಸಣ್ಣ ತಂತಿ ಜಿ ಹಿಂದೆ, ಡಿ ಮುಂದೆ. ನನಗೆ ಡಿ-ಜಿ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಬೇಕಾಯ್ತು. ದುಂಡು ರಾಡ್ ಮೇಲೆ ಓರೆಯಾಗಿ ಡ್ರಿಲ್ ಇಟ್ರೆ ಬಿಟ್ ಜಾರಿ ಮುರಿಯತ್ತೆ, ಸುಮಾರು ಬಿಟ್ ಹೋದ್ವು. ಜಾರದ ಹಾಗೆ ಹಿಡಿಯೋಕೆ ಒಂದು ಜಿಗ್ ಮಾಡ್ಕೊಂಡಿದೀನಿ, ಅದರ ಡ್ರಾಯಿಂಗ್ ಸದ್ಯಕ್ಕೆ ನನ್ನ ಹತ್ರನೇ ಇರ್ಲಿ. ಬಿಟ್, ರಾಡ್, ಲೇತ್ ಕೂಲಿ ಎಲ್ಲಾ ಸೇರಿ ಸಾವಿರ ದಾಟಿಲ್ಲ ಅನ್ಸತ್ತೆ.

ಅದೇ ಜಿಗ್‌ನಲ್ಲಿ ಅಲ್ಯೂಮಿನಿಯಂದೂ ಒಂದು ಸೆಟ್ ಮಾಡಿ ನೋಡ್ದೆ, ಸದ್ದು ತೆಳ್ಳಗಾಯ್ತು, ಬ್ರಿಡ್ಜ್ ಪಿಕಪ್‌ನ (ತಂತಿ ಕಂಪನ ಹಿಡಿಯೋ ಭಾಗ) ಆ ಗಟ್ಟಿ ಟಣ್ ಕಮ್ಮಿ. ಪಿಕಪ್ ಕೆಳಗಿನ ತಾಮ್ರ ಲೇಪದ ಸ್ಟೀಲ್ ಪ್ಲೇಟ್ ತೆಗೆದಾಗ್ಲೂ ಹಿಂದೊಮ್ಮೆ ಹಿಂಗೇ ಆಗಿತ್ತು. ಹಿತ್ತಾಳೇನೇ ವಾಪಸ್ ಹಾಕ್ದೆ.

ಆಗಲ್ಲ ಅಂದಿದ್ದ ರಿಪೇರಿಯೋರೇ ಮೊನ್ನೆ ತಮ್ಮ ಟೆಲಿ ತಂದು ಒಂದು ಸೆಟ್ ಮಾಡ್ಸ್ಕೊಂಡ್ ಹೋದ್ರು. ನಿಜವಾದ ಐವತ್ತರ ದಶಕದ ಗಿಟಾರ್ ಇರೋರು ಒರಿಜಿನಲ್ ಸ್ಯಾಡಲ್ ಮುಟ್ಟಬೇಡಿ, ಬಿಚ್ಚಿ ಎತ್ತಿಡಿ, ಹೊಸ ರಾಡ್‌ನಲ್ಲೇ ಮಾಡಿ. ಇನ್ನೂ ತೆಳ್ಳನೆ 9ರ ತಂತಿ ಸೆಟ್ ಹಾಕೋರಿಗೆ ಮಧ್ಯದ ಓರೆ ಇನ್ನೂ ಸ್ವಲ್ಪ ಕಮ್ಮಿ ಸಾಕು.